ಹೆಚ್ಚಾದದ್ದು ಯಾರಿಗೆ?

ಹರಾಜು ಅನ್ನೋ ಮಾತಿಗೆ ನಮ್ಮ ಗಡಿಸೀಮೆಯಲ್ಲಿ ಹೆಸರು ಬಹಳ. ಕನ್ನಡದವರು ಹರಾಜು ಅಂತೀವಿ, ಸವಾಲು ಅಂತೀವಿ. ತೆಲುಗಿನವರು ವೇಲಂ ಅಂತಾರೆ. ಬಳ್ಳಾರಿಯಿಂದ ಆಚೆ ಬಡಗಲಿಗೆ ಹೋದರೆ ಲಿಲಾವು, ಮಂಗಳೂರು ಕಾಸರಗೋಡಿನ ಕಡೆ ಏಲಂ. ಹೆಸರು ಯಾವುದಾದರೇನು, ಕೆಲಸ ಒಂದೇ. ವಸ್ತುವನ್ನ ನಡುವೆ ಇಟ್ಟು, ಹೆಚ್ಚಿಗೆ ಕೂಗಿದವನಿಗೆ ಕೊಡೋದು. ಆದರೆ ಇದೇ ಮಾತನ್ನ ಮನುಷ್ಯನಿಗೆ ಹಚ್ಚಿ ನೋಡಿ, ಅರ್ಥವೇ ಬೇರೆ ಆಗುತ್ತೆ. ಮಾನ ಹರಾಜಾಯ್ತು ಅಂತೀವಿ. ಮನೆತನದ ಮರ್ಯಾದೆ ಹರಾಜಿಗಿಟ್ಟ ಅಂತೀವಿ. ಒಂದು ಕಡೆ ಅದು ನ್ಯಾಯದ ವ್ಯವಹಾರ, ಇನ್ನೊಂದು ಕಡೆ ತಲೆ ತಗ್ಗಿಸೋ ಮಾತು. ಕೂಗಿ ಮಾರಬಹುದಾದ್ದು ಕೆಲವು ಉಂಟು, ಮಾರಬಾರದ್ದು ಕೆಲವು ಉಂಟು ಅಂತ ನಮ್ಮ ಹಿಂದಿನವರಿಗೆ ತಿಳಿದಿತ್ತು. ಯಾವುದು ಯಾವ ಸಾಲಿಗೆ ಸೇರುತ್ತೆ ಅನ್ನೋದನ್ನ ಸ್ವಲ್ಪ ಯೋಚನೆ ಮಾಡೋಣ ಅಂತ ಇದನ್ನ ಬರೀತಿದ್ದೀನಿ.

ನಾನು ರೈತ. ಕಡ್ಲೆಕಾಯಿ, ರಾಗಿ, ನೀರಿದ್ದ ವರ್ಷ ಹಿಪ್ಪುನೇರಳೆ. ರಾತ್ರಿ ಹೊತ್ತು ಯಾರಾದರೂ ಕರೆದರೆ ಪದ ಹಾಡ್ತೀನಿ. ಓದಿದ್ದು ಏಳನೇ ಕ್ಲಾಸು. ಕಾನೂನು ಬಲ್ಲವನಲ್ಲ. ಆದರೆ ವಾಚನಾಲಯಕ್ಕೆ ಬರೋ ಪೇಪರನ್ನ ಬಿಡದೆ ಓದ್ತೀನಿ, ತಿಳಿಯದಿದ್ದರೆ ಮೇಷ್ಟ್ರುಗಳನ್ನ ಹಿಡಿದು ಕೇಳ್ತೀನಿ. ಪೇಪರಿನಲ್ಲಿ ಆಗಾಗ ಒಂದು ಸುದ್ದಿ ಬರುತ್ತೆ. ಇಂಥ ಊರಿನ ಪುರಸಭೆ, ಇಂಥ ನಗರದ ಕಾರ್ಪೊರೇಷನ್ನು ತನ್ನ ಹೆಚ್ಚುವರಿ ಆಸ್ತಿಯನ್ನ ಮಾರೋಕೆ ಹೊರಟಿದೆ ಅಂತ. ಹಳೇ ಆಫೀಸು ಕಟ್ಟಡ, ಮುಚ್ಚಿದ ಸ್ಕೂಲು, ಖಾಲಿ ಸೈಟು, ಮಳಿಗೆಗಳು. ಕೌನ್ಸಿಲಿನವರು ಕೂತು ಮಾತಾಡ್ತಾರೆ. ಬಹಿರಂಗ ಹರಾಜೋ, ಮುಚ್ಚಿದ ಲಕೋಟೆಯ ಟೆಂಡರೋ, ಕಂಪ್ಯೂಟರಿನ ಇ-ಹರಾಜೋ, ಅಂತ. ಹೇಗೆ ಮಾರೋದು ಅನ್ನೋದಕ್ಕೆ ಎರಡು ಗಂಟೆ ಚರ್ಚೆ ಆಗುತ್ತೆ. ಅದು ಹೆಚ್ಚುವರಿ ಅಂತ ಯಾರು ಹೇಳಿದರು, ಯಾರಿಗೆ ಹೆಚ್ಚಾಯ್ತು ಅಂತ ಕೇಳೋಕೆ ಎರಡು ನಿಮಿಷವೂ ಇರೋದಿಲ್ಲ. ನನ್ನ ತಕರಾರು ಇರೋದು ಅಲ್ಲಿ.

ಹೆಸರಿನ ಮಹಿಮೆ ಎಂಥದ್ದು ನೋಡಿ. ನಮ್ಮ ಸೀಮೆ 1953ರಲ್ಲಿ ಆಂಧ್ರ ರಾಜ್ಯ ಆಗೋವರೆಗೂ ಮದ್ರಾಸಿನ ಕೆಳಗಿತ್ತು. ಮದ್ರಾಸಿನ ರೆವಿನ್ಯೂ ಲೆಕ್ಕದಿಂದ ನಮಗೆ ಬಂದ ಮಾತು ಪೋರಂಬೋಕು. ಅದು ತಮಿಳು ಮಾತಂತೆ, ಲೆಕ್ಕದಿಂದ ಹೊರಗುಳಿದ ಜಮೀನು ಅಂತ ಅರ್ಥವಂತೆ. ಕೆರೆ, ಕಾಲುವೆ, ದಾರಿ, ಸ್ಮಶಾನ, ಗುಂಡುತೋಪು, ದನ ನಿಲ್ಲೋ ಮಂದೆ ಜಾಗ, ಇವೆಲ್ಲ ಪೋರಂಬೋಕು. ಅವು ಮಾಡಿದ ತಪ್ಪು ಇಷ್ಟೇ, ಸರ್ಕಾರಕ್ಕೆ ಕಂದಾಯ ಕಟ್ಟಲಿಲ್ಲ. ಇವತ್ತು ಆ ಮಾತು ಏನಾಗಿದೆ? ಬೈಗುಳ ಆಗಿದೆ. ಕೆಲಸ ಕಾರ್ಯ ಇಲ್ಲದೆ ಅಲೆಯೋನಿಗೆ ಪೋರಂಬೋಕು ಅಂತೀವಿ. ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಬಾಗೇಪಲ್ಲಿ ಕಡೆಗೆ ಹೋದರೆ ಮೈಸೂರಿನ ಲೆಕ್ಕ ಶುರು, ಅಲ್ಲಿ ಅದರ ಹೆಸರು ಖರಾಬು. ಖರಾಬು ಅಂದರೆ ಕೆಟ್ಟದ್ದು. ಊರಿಗೆ ನೀರು ಕೊಡೋ ಕೆರೆಯೂ ಖರಾಬು, ಅಪ್ಪ ಅಮ್ಮನ್ನ ಮಣ್ಣು ಮಾಡಿದ ಜಾಗವೂ ಖರಾಬು! ಮೊದಲು ಹೆಸರು ಕೆಡುತ್ತೆ, ಆಮೇಲೆ ಜಾಗ ಹೋಗುತ್ತೆ. ಈಗ ಬಂದಿರೋ ಹೆಸರುಗಳು ಹೆಚ್ಚುವರಿ, ನಿರುಪಯುಕ್ತ. ಕೇಳೋಕೆ ನಯವಾಗಿವೆ.

ಗುಂಡುತೋಪಿನಿಂದ ಏನು ಉಪಯೋಗ ಅಂತ ಒಬ್ಬ ಆಫೀಸರು ಕೇಳಿದರೆ ಕಾಗದದಲ್ಲಿ ತೋರಿಸೋಕೆ ಏನೂ ಇಲ್ಲ. ಆದರೆ ಮಧ್ಯಾಹ್ನ ಕುರಿ ಕಾಯೋಳು ನೆರಳಿಗೆ ಕೂರೋದು ಅಲ್ಲಿ. ವರ್ಷಕ್ಕೊಮ್ಮೆ ಬಂದು ಬಿಡಾರ ಹೂಡೋ ಅಲೆಮಾರಿಗಳಿಗೆ ಬೇರೆ ಜಾಗ ಎಲ್ಲಿದೆ? ಬಯಲಾಟ ಆಡೋದು ಅಲ್ಲಿ, ಜಾತ್ರೆಗೆ ಬಂದವರ ಬಂಡಿ ಬಿಡೋದು ಅಲ್ಲಿ, ಹುಣಸೆಹಣ್ಣು ಬಡಿದು ಒಣಗಿಸೋದು ಅಲ್ಲಿ. ಇವರಲ್ಲಿ ಯಾರ ಹತ್ತಿರವೂ ರಸೀದಿ ಇಲ್ಲ. ರಸೀದಿ ಇಲ್ಲದ ಉಪಯೋಗ ಅಡಂಗಲ್ಲಿನಲ್ಲಿ ಬರೋದಿಲ್ಲ.

ಇಲ್ಲಿ ನನಗೆ ಕೆರೆಗೆ ಹಾರದ ಕಥೆ ನೆನಪಾಗುತ್ತೆ. ಮಕ್ಕಳು ಪಾಠದಲ್ಲಿ ಓದಿರ್ತಾರೆ, ನಮ್ಮಂಥವರು ಹಾಡಿನಲ್ಲಿ ಕೇಳಿದ್ದೀವಿ. ಊರಗೌಡ ಕೆರೆ ಕಟ್ಟಿಸ್ತಾನೆ, ನೀರು ಬೀಳೋದಿಲ್ಲ. ಹೊತ್ತಗೆ ತೆಗೆಸಿ ಕೇಳಿದರೆ ಮನೆಯ ಸೊಸೆಯನ್ನ ಹಾರ ಕೊಡಬೇಕು ಅಂತ ಬರುತ್ತೆ. ಹಿರೀ ಸೊಸೆಯನ್ನ ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಅಂತ ಯೋಚನೆ ಮಾಡ್ತಾರೆ. ಕೊನೆಗೆ ಗೆರೆ ಬಂದು ನಿಲ್ಲೋದು ಕಿರೀ ಸೊಸೆ ಭಾಗೀರಥಿಯ ಮುಂದೆ. ಕೆಲವರು ಇದನ್ನ ತ್ಯಾಗದ ಕಥೆ ಅಂತ ಪಾಠ ಮಾಡ್ತಾರೆ. ನಾನು ಹಾಡುವಾಗ ನನಗೆ ಹಾಗೆ ಅನ್ನಿಸಿಲ್ಲ. ನಿನ್ನನ್ನ ಕೊಡಲಾ ಅಂತ ಅವಳನ್ನ ಒಬ್ಬರೂ ಬಾಯಿಬಿಟ್ಟು ಕೇಳೋದಿಲ್ಲ. ಆ ಮನೆಯಲ್ಲಿ ಅವಳು ಹೆಚ್ಚುವರಿ ಅಂತ ಆದದ್ದು ಅವಳು ಕೆಲಸಕ್ಕೆ ಬಾರದವಳು ಅಂತಲ್ಲ. ಅವಳ ಪರವಾಗಿ ಆ ಹೊತ್ತು ಮಾತಾಡೋರು ಮನೆಯಲ್ಲಿರಲಿಲ್ಲ, ಗಂಡ ಮಾದೇವರಾಯ ದಂಡಿಗೆ ಹೋಗಿದ್ದ. ಕೆರೆ ತುಂಬಿತು, ನಿಜ. ತಿರುಗಿ ಬಂದ ಗಂಡ ಅದೇ ಕೆರೆಗೆ ಹಾರಿದ.

ನಗರದಲ್ಲಿ ಮಾರೋ ಪಟ್ಟಿ ಬರೆಯುವಾಗಲೂ ಇದೇ ನಡೆಯುತ್ತೆ ಅಂತ ನನ್ನ ಅನುಮಾನ. ಆಫೀಸರುಗಳ ಕ್ಲಬ್ಬು ಆ ಪಟ್ಟಿಗೆ ಬಂದದ್ದನ್ನ ನಾನು ಇದುವರೆಗೆ ಓದಿಲ್ಲ. ಹುಡುಗರು ಚೆಂಡಾಡೋ ಖಾಲಿ ಜಾಗ ಬರುತ್ತೆ, ಬೀದಿ ವ್ಯಾಪಾರದವರು ಕೂರೋ ಮೂಲೆ ಬರುತ್ತೆ, ಹಳೇ ಧರ್ಮಛತ್ರ ಬರುತ್ತೆ. ಯಾವುದಕ್ಕೆ ಮಾತಾಡೋ ಗಂಡ ಇಲ್ಲವೋ ಅದು.

ಇನ್ನು ಮಾರೋ ಅಧಿಕಾರ. ನಮ್ಮ ಮನೆಗಳ ವ್ಯವಹಾರ ತಗೊಳ್ಳಿ. ಸ್ವಂತ ದುಡಿದು ಕೊಂಡ ಜಮೀನನ್ನ ಒಬ್ಬ ಯಾರಿಗೆ ಬೇಕಾದರೂ ಮಾರಬಹುದು. ಪಿತ್ರಾರ್ಜಿತ ಹಾಗಲ್ಲ. ಮನೆಯ ಯಜಮಾನ ಕರ್ತ ಮಾತ್ರ, ಒಡೆಯನಲ್ಲ. ಸಾಲ, ಕಾಯಿಲೆ, ಮದುವೆ ಇಂಥ ತಕ್ಕ ಕಾರಣ ಇರಬೇಕು. ಹೊಟ್ಟೆಯಲ್ಲಿರೋ ಮಗುವಿಗೂ ಅದರಲ್ಲಿ ಪಾಲುಂಟು ಅಂತ ಕಾನೂನು ಒಪ್ಪುತ್ತೆ. ಹಿಂದೆ ಗಂಡುಮಕ್ಕಳ ಸಹಿ ಸಾಕಾಗಿತ್ತು, ಆಂಧ್ರದಲ್ಲಿ 1986ರ ಕಾನೂನು ಬಂದ ಮೇಲೆ, ಇಡೀ ದೇಶಕ್ಕೆ 2005ರ ಮೇಲೆ, ಹೆಣ್ಣುಮಕ್ಕಳದ್ದೂ ಬೇಕು. ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಅಕ್ಕತಂಗೀರನ್ನ ಕರೆಸಿ ಹೆಬ್ಬೆಟ್ಟು ಒತ್ತಿಸೋದನ್ನ ಎಲ್ಲರೂ ನೋಡಿದ್ದೀವಿ. ಎರಡು ಎಕರೆ ಒಣಭೂಮಿ ಮಾರೋಕೆ ಇಷ್ಟು ಜನರ ಒಪ್ಪಿಗೆ ಬೇಕಾದರೆ, ಇಡೀ ಪಟ್ಟಣದ ಮಾರುಕಟ್ಟೆ ಮಾರೋಕೆ ಎಷ್ಟು ಜನರ ಒಪ್ಪಿಗೆ ಬೇಕು? ಕೌನ್ಸಿಲು ಅನ್ನೋದು ಐದು ವರ್ಷದ ಕರ್ತ. ಮಾರಿದ ಜಾಗ ತಿರುಗಿ ಬರೋದಿಲ್ಲ, ಕೌನ್ಸಿಲರ್ರು ಮಾತ್ರ ಮನೆಗೆ ಹೋಗ್ತಾರೆ. ನಾಳೆ ಹುಟ್ಟೋರು ಸವಾಲಿಗೆ ಬಂದು ಕೂಗೋಕೆ ಆಗೋದಿಲ್ಲ.

ಇನ್ನೊಂದು ಮಾತು, ಬಡವರಿಗೆ ಚೆನ್ನಾಗಿ ಗೊತ್ತಿರೋದು. ನಮ್ಮ ಕಡೆ ಭೂಮಿ ಇಲ್ಲದವರಿಗೆ ಸರ್ಕಾರ ಡಿ.ಕೆ.ಟಿ. ಪಟ್ಟಾ ಕೊಡ್ತು. 1977ರಲ್ಲಿ ಒಂದು ಕಾನೂನು ಮಾಡಿ, ಆ ಜಮೀನನ್ನ ಮಾರಕೂಡದು, ಕೊಂಡರೆ ಕೊಂಡವನದ್ದೂ ತಪ್ಪು ಅಂತ ಹೇಳ್ತು. ಯಾಕೆ? ಬಡವನಿಗೆ ಇವತ್ತಿನ ಕಷ್ಟ ದೊಡ್ಡದಾಗಿ ಕಾಣುತ್ತೆ, ಯಾರೋ ಕೈಗೆ ನಾಲ್ಕು ಕಾಸು ಹಾಕಿದರೆ ಮಕ್ಕಳ ಅನ್ನ ಕೊಟ್ಟುಬಿಡ್ತಾನೆ ಅಂತ. ಒಳ್ಳೇ ಕಾರಣ. 2023ರಲ್ಲಿ ಇಪ್ಪತ್ತು ವರ್ಷ ಆದವರಿಗೆ ಅದನ್ನ ಸಡಿಲ ಮಾಡಿದರು, ಅದು ಸರಿಯೋ ತಪ್ಪೋ ಇನ್ನೊಂದು ದಿನ ಮಾತಾಡೋಣ. ನಾನು ಕೇಳೋದು, ಇವತ್ತಿನ ಕಷ್ಟಕ್ಕೆ ನಾಳೆಯದನ್ನ ಮಾರಬೇಡ ಅಂತ ಬಡವನಿಗೆ ಹಾಕಿದ ಕಟ್ಟು ಸರ್ಕಾರಕ್ಕೆ, ಕಾರ್ಪೊರೇಷನ್ನಿಗೆ ಯಾಕಿಲ್ಲ? ಖಜಾನೆ ಬರಿದಾದಾಗ ಅವರೂ ಬಡವನ ಹಾಗೇ ಯೋಚನೆ ಮಾಡ್ತಾರೆ.

2020ರಲ್ಲಿ ನಮ್ಮ ರಾಜ್ಯದಲ್ಲೇ ಎರಡು ಸಂಗತಿ ನಡೆದವು. ಮಿಷನ್ ಬಿಲ್ಡ್ ಎ.ಪಿ. ಅಂತ ಹೆಸರಿಟ್ಟು ವಿಶಾಖಪಟ್ಟಣ, ಗುಂಟೂರುಗಳಲ್ಲಿದ್ದ ಸರ್ಕಾರಿ ಜಾಗಗಳನ್ನ ಇ-ಹರಾಜಿಗೆ ಇಟ್ಟರು. ಬಂದ ಹಣದಲ್ಲಿ ಜನಕ್ಕೆ ಯೋಜನೆ ಮಾಡ್ತೀವಿ ಅಂದರು. ಜನ ಹೈಕೋರ್ಟಿಗೆ ಹೋದರು. ಅದೇ ಮೇ ತಿಂಗಳಲ್ಲಿ ತಿರುಮಲ ತಿರುಪತಿ ದೇವಸ್ಥಾನದವರ ವಿಷಯವೂ ಎದ್ದಿತು. ಭಕ್ತರು ಕಾಣಿಕೆ ಕೊಟ್ಟ 50 ಆಸ್ತಿಗಳನ್ನ ಮಾರಬೇಕು ಅಂತ ತೀರ್ಮಾನ ಆಗಿತ್ತು. ಆಂಧ್ರದಲ್ಲಿ 26, ತಮಿಳುನಾಡಿನಲ್ಲಿ 23, ಋಷಿಕೇಶದಲ್ಲಿ ಒಂದು. ಹೆಚ್ಚಿನವು ಸಣ್ಣವು, ಕೆಲವು ಸೆಂಟು ಮನೆಜಾಗ, ಎಕರೆ ಮುಟ್ಟದ ಹೊಲ. ನೋಡಿಕೊಳ್ಳೋಕೆ ಆಗೋದಿಲ್ಲ, ಯಾರಾದರೂ ನುಂಗಿಬಿಡ್ತಾರೆ ಅನ್ನೋದು ಅವರ ಕಾರಣ. ಸುಳ್ಳಲ್ಲ. ಆದರೆ ಜನ ಒಪ್ಪಲಿಲ್ಲ. ಸರ್ಕಾರ ತಡೆ ಹಾಕ್ತು, ಮೇ 28ಕ್ಕೆ ದೇವಸ್ಥಾನದ ಮಂಡಳಿಯೇ ಆಸ್ತಿ ಮಾರೋದಿಲ್ಲ ಅಂತ ಠರಾವು ಮಾಡ್ತು. ನನ್ನ ಮನಸ್ಸಿಗೆ ಹತ್ತಿದ್ದು ಇದು: ಸರ್ಕಾರದ ದೊಡ್ಡ ಸೈಟಿಗೆ ಕೋರ್ಟಿಗೆ ಹೋದವರು ಕೆಲವರು, ದೇವರ ಎರಡು ಸೆಂಟಿಗೆ ಎದ್ದವರು ಲಕ್ಷಾಂತರ. ದೇವರದ್ದು ಅಂದರೆ ನಮಗೆ ಕೊಟ್ಟವರ ಮುಖ ಕಾಣುತ್ತೆ. ಸರ್ಕಾರದ್ದು ಅಂದರೆ ಯಾರದ್ದೂ ಅಲ್ಲ ಅಂತ ಕಾಣುತ್ತೆ. ಅದನ್ನ ಕೊಟ್ಟವರೂ ನಮ್ಮ ತಾತಂದಿರೇ, ಕಂದಾಯದಲ್ಲಿ, ಬಿಟ್ಟಿ ಕೆಲಸದಲ್ಲಿ.

ಬೆಂಗಳೂರಿಗೆ ಬನ್ನಿ. ನಮ್ಮ ಸೀಮೆಯ ಹೂವು ತರಕಾರಿ ಹೆದ್ದಾರಿ ಹತ್ತಿ ಹೋಗೋ ಊರು ಅದು. ಕೆ.ಆರ್. ಮಾರ್ಕೆಟ್ಟು ಕೂಡ ಹಿಂದೆ ಸಿದ್ದಿಕಟ್ಟೆ ಅನ್ನೋ ಕೆರೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. ಕೆರೆ ಹೋದದ್ದಕ್ಕೆ ನನಗೆ ಸಂಕಟ ಇದೆ, ಆದರೂ ಒಂದು ಸಮಾಧಾನ. ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಯಾರು ಬೇಕಾದರೂ ಗಂಟು ಇಟ್ಟುಕೊಂಡು ಕೂರಬಹುದು. ರೂಪ ಬದಲಾಯ್ತು, ಎಲ್ಲರದ್ದಾಗಿಯೇ ಉಳೀತು. ಆದರೆ 2010ರ ಆಚೀಚಿನ ವರ್ಷಗಳಲ್ಲಿ ಬಿ.ಬಿ.ಎಂ.ಪಿ.ಗೆ ದುಡ್ಡಿನ ಮುಗ್ಗಟ್ಟು ಬಂದಾಗ ಸಾಲಕ್ಕಾಗಿ ಅದು ಅಡ ಇಟ್ಟದ್ದರಲ್ಲಿ ಇದೇ ಕೆ.ಆರ್. ಮಾರ್ಕೆಟ್ಟೂ ಇತ್ತು, ಮಲ್ಲೇಶ್ವರದ ಮಾರ್ಕೆಟ್ಟೂ ಇತ್ತು, ಮೇಯೋ ಹಾಲೂ ಇತ್ತು. ಆಮೇಲೆ ಒಂದೊಂದಾಗಿ ಬಿಡಿಸಿಕೊಳ್ಳೋ ಪಾಡು. ಬೆಳಗಿನ ಜಾವ ಅಲ್ಲಿ ಬುಟ್ಟಿ ಇಳಿಸೋ ಹೂವಿನವಳಿಗೆ ತಾನು ಕೂತಿರೋ ನೆಲ ಬ್ಯಾಂಕಿನಲ್ಲಿ ಅಡ ಇದೆ ಅಂತ ಯಾರು ಹೇಳಿರ್ತಾರೆ?

ಅದೇ ಬೆಂಗಳೂರಿನಲ್ಲಿ ಒಂದು ಒಳ್ಳೇದೂ ನಡೆದಿದೆ. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನ ಖಾಸಗಿ ಆಸ್ಪತ್ರೆ ಕಟ್ಟೋಕೆ ಒಂದು ಟ್ರಸ್ಟಿಗೆ ಕೊಟ್ಟರು. ಆಸ್ಪತ್ರೆ ತಾನೆ, ಒಳ್ಳೇದೇ ಅಲ್ವಾ ಅನ್ನಿಸುತ್ತೆ. ಬಡಾವಣೆಯ ಜನ ಬಿಡಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟು ಜನರ ಕಡೆ ತೀರ್ಪು ಕೊಡ್ತು. ಗಾಳಿ ಬೆಳಕಿಗೆ, ಮಕ್ಕಳ ಆಟಕ್ಕೆ ಬಿಟ್ಟದ್ದನ್ನ ಹೀಗೆ ಬೇರೆಯವರಿಗೆ ಕೊಡಕೂಡದು, ಅಲ್ಲಿ ವಾಸ ಮಾಡೋರಿಗೆ ಕೇಳೋ ಹಕ್ಕುಂಟು ಅನ್ನೋದು ಅದರ ಸಾರ. 2011ರಲ್ಲಿ ಪಂಜಾಬಿನ ಪಟಿಯಾಲ ಜಿಲ್ಲೆಯ ಒಂದು ಹಳ್ಳಿಯ ಕುಂಟೆ ವಿಷಯದಲ್ಲಿ ಅದೇ ಕೋರ್ಟು ಇನ್ನೂ ಮುಂದೆ ಹೋಗಿ, ಹಳ್ಳಿಗಳ ಸಾಮೂಹಿಕ ಜಾಗ ಹಿಡಿದುಕೊಂಡವರನ್ನ ಬಿಡಿಸಿ ಊರಿಗೆ ವಾಪಸ್ಸು ಕೊಡಿಸಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳ್ತು. ಆ ಎರಡನ್ನೂ ನಮ್ಮ ವಾಚನಾಲಯದ ಗೋಡೆಗೆ ಅಂಟಿಸಬೇಕು ಅಂತ ನನ್ನ ಆಸೆ.

ದೂರದ ಕಥೆ ಒಂದು. ನಿವೃತ್ತ ಮೇಷ್ಟ್ರು ಒಬ್ಬರು ಹೇಳಿದಾಗ ನಾನು ನಂಬಲಿಲ್ಲ, ಆಮೇಲೆ ಓದಿಸಿ ತೋರಿಸಿದರು. ಅಮೆರಿಕದ ಶಿಕಾಗೊ ನಗರದಲ್ಲಿ ರಸ್ತೆ ಬದಿ ಕಾರು ನಿಲ್ಲಿಸಿದರೆ ಕಾಸು ಹಾಕಬೇಕು, ಅದಕ್ಕೆ ಮೀಟರು ಇರುತ್ತೆ. ಅಂಥವು ಸುಮಾರು 36,000. 2008ರ ಡಿಸೆಂಬರಿನಲ್ಲಿ ಖಜಾನೆಗೆ ಕಷ್ಟ ಬಂತು ಅಂತ ಆ ವರಮಾನವನ್ನ 75 ವರ್ಷಕ್ಕೆ ಒಂದು ಕಂಪನಿಗೆ 115 ಕೋಟಿ ಡಾಲರಿಗೆ ಕೊಟ್ಟುಬಿಟ್ಟರು. ಕೌನ್ಸಿಲಿನ ಮುಂದೆ ಕಾಗದ ಬಂದು ಕೆಲವೇ ದಿನಕ್ಕೆ ಮತ ಹಾಕಿ ಮುಗಿಸಿದರು. ಮಾರನೇ ವರ್ಷ ನಗರದ ತನಿಖಾಧಿಕಾರಿಯೇ ಲೆಕ್ಕ ಹಾಕಿ, ಹತ್ತಿರ ಹತ್ತಿರ ನೂರು ಕೋಟಿ ಡಾಲರು ಕಡಿಮೆಗೆ ಹೋಯ್ತು ಅಂದರು. ಅದಕ್ಕಿಂತ ನನಗೆ ನಗು ಬಂದದ್ದು, ಅಳುವೂ ಬಂದದ್ದು ಇನ್ನೊಂದಕ್ಕೆ. ಈಗ ನಗರದವರು ಮೆರವಣಿಗೆಗೋ ಹಬ್ಬಕ್ಕೋ ರಸ್ತೆ ಮುಚ್ಚಿದರೆ, ಆ ಹೊತ್ತಿನ ಮೀಟರ್ ನಷ್ಟವನ್ನ ಕಂಪನಿಗೆ ಕಟ್ಟಿಕೊಡಬೇಕು! ನಮ್ಮೂರ ಜಾತ್ರೆಯ ದಿನ ತೇರು ಬೀದಿಗೆ ಬಂತು ಅಂತ ಇನ್ನೊಬ್ಬನಿಗೆ ನಾವು ದಂಡ ಕಟ್ಟಿದ ಹಾಗೆ. 75 ವರ್ಷ ಅಂದರೆ ಮೂರು ತಲೆಮಾರು. ಕೈ ಎತ್ತಿದ ಕೌನ್ಸಿಲರ್ರ ಮೊಮ್ಮಕ್ಕಳೂ ಮುದುಕರಾಗಿರ್ತಾರೆ.

ನಮ್ಮ ಮನೆ ಬಾಗಿಲಿನದ್ದನ್ನ ಹೇಳದೆ ಶಿಕಾಗೊ ಬಗ್ಗೆ ಹೇಳಿದರೆ ಓದೋರು ನಗ್ತಾರೆ. 2008-09ರ ಸುಮಾರಿಗೆ ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ 8,800ಕ್ಕೂ ಹೆಚ್ಚು ಎಕರೆ ಲೇಪಾಕ್ಷಿ ನಾಲೆಡ್ಜ್ ಹಬ್ ಅನ್ನೋ ಯೋಜನೆಗೆ ಹೋಯ್ತು. ಲಕ್ಷಕ್ಕೂ ಹೆಚ್ಚು ಕೆಲಸ ಬರುತ್ತೆ ಅಂದಿದ್ದರು. ಹಬ್ ಬರಲಿಲ್ಲ. ಜಮೀನಿನಲ್ಲಿ ದೊಡ್ಡ ಭಾಗ ಬ್ಯಾಂಕುಗಳಿಗೆ ಅಡ ಹೋಯ್ತು, ಸಿ.ಬಿ.ಐ., ಇ.ಡಿ. ಕೇಸು ಬಂದವು, ದಿವಾಳಿಯ ನ್ಯಾಯಮಂಡಳಿಯವರೆಗೂ ವ್ಯವಹಾರ ಹೋಯ್ತು. ಯಾರ ತಪ್ಪು ಎಷ್ಟು ಅನ್ನೋದನ್ನ ಕೋರ್ಟು ಹೇಳಲಿ, ಅದು ನನ್ನ ಕೆಲಸ ಅಲ್ಲ. ಆದರೆ ಈ ಬರಹದ ಪ್ರಶ್ನೆಗೆ ಅದರಿಂದ ಒಂದು ವಿಷಯ ತಿಳಿಯುತ್ತೆ. ಕೊಡುವಾಗ ಎಲ್ಲರ ಕಣ್ಣೂ ಮುಂದೆ ಬರೋ ಕೆಲಸದ ಮೇಲಿತ್ತು. ಬರದಿದ್ದರೆ ಜಮೀನು ಯಾರ ಕೈಗೆ, ಎಷ್ಟು ವರ್ಷದಲ್ಲಿ, ಹೇಗೆ ತಿರುಗಿ ಬರುತ್ತೆ ಅನ್ನೋ ಒಂದು ಸಾಲನ್ನ ಗಟ್ಟಿಯಾಗಿ ಹಿಡಿದು ಕೂತಿದ್ದರೆ ಕಥೆ ಬೇರೆ ಇರ್ತಿತ್ತು. ಕುರಿಯನ್ನ ಪಾಲಿಗೆ ಕೊಡುವಾಗಲೂ ನಾವು ಮರಿ ಸತ್ತರೆ ಯಾರಿಗೆ ನಷ್ಟ ಅಂತ ಮೊದಲೇ ಮಾತಾಡಿಕೊಳ್ತೀವಿ.

ಇಷ್ಟೆಲ್ಲ ಕೇಳಿ ವಾಚನಾಲಯದಲ್ಲಿ ಒಬ್ಬ ಹುಡುಗ ನನ್ನನ್ನ ಹಿಡಿದುಕೊಂಡ. "ತಾತ, ನೀನು ಹೇಳೋದು ಕೇಳೋಕೆ ಚೆನ್ನಾಗೈತೆ. ಬೀಗ ಹಾಕಿದ ಕಟ್ಟಡ ಹತ್ತು ವರ್ಷಕ್ಕೆ ಬಿದ್ದೋಗ್ತೈತೆ. ಕಳ್ಳರು ಕಿಟಕಿ ಬಾಗಿಲು ಕಿತ್ಕೊಂಡು ಹೋಗ್ತಾರೆ. ಪುಢಾರಿಗಳು ಬೇಲಿ ಹಾಕ್ಕೊಳ್ತಾರೆ. ಆಗ ಮಾರಿದ ದುಡ್ಡೂ ಇಲ್ಲ, ಜಾಗವೂ ಇಲ್ಲ. ಹಿಂದೂಪುರದಲ್ಲಿ ಬಿಂದಿಗೆ ಹಿಡ್ಕೊಂಡು ಟ್ಯಾಂಕರಿಗೆ ಕಾದಿಲ್ವಾ ಜನ? ಒಂದು ಹಾಳು ಕಟ್ಟಡ ಮಾರಿ ಪೈಪು ಹಾಕಿಸಿದ್ರೆ ಪಾಪಾನಾ?"

ಪಾಪ ಅಲ್ಲ ಕಣಪ್ಪ. ಈ ಮಾತಿಗೆ ನಾನು ತಲೆ ಬಾಗಿಸ್ತೀನಿ. ಬೆಂಗಳೂರು ಸುತ್ತ ಸಾವಿರಾರು ಎಕರೆ ಸರ್ಕಾರಿ ಭೂಮಿ ಒತ್ತುವರಿ ಆಗಿರೋದನ್ನ ಶಾಸಕರ ಸಮಿತಿಯೇ 2007ರ ಸುಮಾರಿಗೆ ಲೆಕ್ಕ ಕೊಟ್ಟಿತ್ತು. ಮಾರಲಿಲ್ಲ ಅಂದ ಮಾತ್ರಕ್ಕೆ ಉಳೀತು ಅಂತ ಅಲ್ಲ. ಕಾವಲಿಲ್ಲದ ಆಸ್ತಿ ಬೇಲಿ ಇಲ್ಲದ ಹೊಲ. ಹಾಗೇ ಒಳಗೊಳಗೆ ಬೇಕಾದವರಿಗೆ ಬರೆದುಕೊಡೋದಕ್ಕಿಂತ ಬಯಲಿನಲ್ಲಿ ಕೂಗಿ ಮಾರೋದು ಎಷ್ಟೋ ವಾಸಿ. ಆದರೆ ಹರಾಜು ಒಂದೇ ಪ್ರಶ್ನೆ ಕೇಳುತ್ತೆ, ಯಾರ ಹತ್ತಿರ ಹೆಚ್ಚು ದುಡ್ಡಿದೆ ಅಂತ. 2023ರಲ್ಲಿ ಹೈದರಾಬಾದಿನ ಕೋಕಾಪೇಟೆಯಲ್ಲಿ ಸರ್ಕಾರಿ ಭೂಮಿ ಎಕರೆ ನೂರು ಕೋಟಿ ದಾಟಿ ಹೋಯ್ತು. ಸರ್ಕಾರಕ್ಕೆ ಹಬ್ಬ. ಮುಂದೆ ಆ ಸುತ್ತಿನಲ್ಲಿ ಒಂದು ಸ್ಕೂಲಿಗೋ, ಕೂಲಿಯವರ ಮನೆಗೋ ಜಾಗ ಬೇಕಾದರೆ ಅದೇ ಸರ್ಕಾರ ಆ ಬೆಲೆಗೆ ಕೊಳ್ಳೋಕಾಗುತ್ತಾ? ಬೆಲೆ ಏರಿಸಿದ ದಿನವೇ ತನ್ನ ಬಾಗಿಲನ್ನೂ ಮುಚ್ಚಿಕೊಂಡ ಹಾಗೆ.

ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಒಂದು ಪದ್ಧತಿ ಇದೆ. ಊರ ಹುಣಸೆ ಮರಗಳ ಫಲ ಪ್ರತಿ ವರ್ಷ ಸವಾಲಿಗೆ ಹೋಗುತ್ತೆ. ಕೆರೆಯ ಮೀನು ಸವಾಲಿಗೆ ಹೋಗುತ್ತೆ, ಸಂತೆಯ ಸುಂಕ ಹೋಗುತ್ತೆ. ಟಾಂಟಾಂ ಹೊಡೆಸ್ತಾರೆ, ಚಾವಡಿ ಮುಂದೆ ಸೇರ್ತಾರೆ, ಧರಾವತ್ತು ಕಟ್ಟಿದವರು ಕೂಗ್ತಾರೆ. ಸರ್ಕಾರಿ ಸವಾಲು ಇಷ್ಟು ಅಂತ ಶುರುವಾಗಿ, ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ. ಇದರಲ್ಲೂ ಮೋಸ ಇಲ್ಲ ಅಂತ ಹೇಳೋದಿಲ್ಲ. ಹಿಂದಿನ ರಾತ್ರಿಯೇ ನಾಲ್ಕು ಜನ ಮಾತಾಡಿಕೊಂಡು ಸಿಂಡಿಕೇಟು ಕಟ್ಟಿ ಒಬ್ಬನನ್ನ ಮುಂದೆ ಬಿಟ್ಟದ್ದನ್ನ ನಾನು ಎಷ್ಟು ಸಾರಿ ನೋಡಿಲ್ಲ! ಆದರೂ ಅಲ್ಲಿ ಹೋಗೋದು ಒಂದು ವರ್ಷದ ಹುಣಸೆಹಣ್ಣು. ಮರ ಅಲ್ಲ. ಈ ವರ್ಷ ಮೋಸ ಹೋದರೆ ಮುಂದಿನ ವರ್ಷ ಮರ ಅಲ್ಲೇ ಇರುತ್ತೆ, ನಾವೂ ಸ್ವಲ್ಪ ಬುದ್ಧಿ ಕಲಿತಿರ್ತೀವಿ. ಅದರ ನೆರಳಿಗೆ ಕೂತವಳನ್ನ ಗುತ್ತಿಗೆದಾರ ಎಬ್ಬಿಸೋ ಹಾಗೂ ಇಲ್ಲ.

ಹಾಡೋ ಪದಗಳದ್ದೂ ಹೀಗೇ. ನನ್ನ ನಾಲಿಗೆ ಮೇಲಿರೋ ಪದಗಳನ್ನ ನಾನು ಕಟ್ಟಿದ್ದಲ್ಲ. ಹಾಡಿದ್ದಕ್ಕೆ ಎಲೆ ಅಡಿಕೆ, ನೂರೋ ಇನ್ನೂರೋ ರೂಪಾಯಿ ತಗೋತೀನಿ. ಪದವನ್ನೇ ಮಾರು ಅಂದರೆ ಎಲ್ಲಿಂದ ಮಾರಲಿ? ಒಮ್ಮೆ ಯಾರೋ ಬಂದು ರೆಕಾರ್ಡು ಮಾಡಿಕೊಂಡು ಹೋಗಿ, ಕೇಳಿದಾಗ ಅದು ನಮ್ಮ ಹಕ್ಕು ಅಂದರು. ನನಗಿಂತ ಆ ಪದ ಕಲಿಸಿದ ಅಜ್ಜಿ ಇದ್ದಿದ್ದರೆ ಹೆಚ್ಚು ನಗ್ತಿದ್ದಳು. ಇರಲಿ, ಇದು ಪಕ್ಕದ ದಾರಿ.

ಹಾಗಾದರೆ ಆ ಹುಡುಗನಿಗೆ ನಾನು ಹೇಳಿದ್ದು ಏನು? ಮೊದಲು ಆ ಕಟ್ಟಡವನ್ನ ಗುತ್ತಿಗೆಗೆ ಕೊಟ್ಟು ನೋಡಲಿ. ಮೂರು ವರ್ಷ, ಐದು ವರ್ಷ, ಬಾಡಿಗೆ ಏರಿಸ್ತಾ ಹೋಗಲಿ. ಈಗಾಗಲೇ ಅದನ್ನ ಬಳಸ್ತಿರೋರು ಯಾರು ಅಂತ ಒಬ್ಬ ಮನುಷ್ಯ ಹೋಗಿ ಒಂದು ವಾರ ಕೂತು ನೋಡಿ ಬರಲಿ, ಬೆಳಿಗ್ಗೆಯೂ ರಾತ್ರಿಯೂ. ಗುತ್ತಿಗೆಗೂ ಆಗದು, ಯಾರಿಗೂ ಬೇಡ, ಮಾರಲೇಬೇಕು ಅಂತಾದರೆ ಮಾರಲಿ. ಆದರೆ ಆ ಹಣ ಸಂಬಳಕ್ಕೆ, ಕಂಟ್ರಾಕ್ಟರ ಬಾಕಿ ಬಿಲ್ಲಿಗೆ ಹೋಗಕೂಡದು. ಜಾಗ ಹೋದರೆ ಅದರ ಬದಲಿಗೆ ನೂರು ವರ್ಷ ನಿಲ್ಲೋ ಇನ್ನೊಂದು ಎಲ್ಲರದ್ದು ಬರಬೇಕು. ಪೈಪ್‌ಲೈನು ಅಂಥದ್ದು, ನಾನು ಒಪ್ತೀನಿ. ಎತ್ತು ಮಾರಿ ಎತ್ತು ತರೋನು ಒಕ್ಕಲಿಗ, ಎತ್ತು ಮಾರಿ ಹಬ್ಬ ಮಾಡೋನ್ನ ಏನಂತಾರೆ ಅಂತ ಎಲ್ಲರಿಗೂ ಗೊತ್ತು.

ಇಂಗ್ಲೆಂಡಿನಲ್ಲಿ 1980ರಲ್ಲಿ ಕಾನೂನು ಮಾಡಿ, ಪುರಸಭೆಗಳ ಬಾಡಿಗೆ ಮನೆಗಳನ್ನ ಅದರಲ್ಲಿ ವಾಸ ಇದ್ದವರಿಗೇ ಕಡಿಮೆ ಬೆಲೆಗೆ ಮಾರಿದರಂತೆ. ದುಡ್ಡಿದ್ದ ಹೊರಗಿನವನಿಗಲ್ಲ, ಅಲ್ಲೇ ಒಲೆ ಹಚ್ಚಿದವರಿಗೆ. ಆ ಭಾಗ ನನಗೆ ಹಿಡಿಸ್ತು. ಲಕ್ಷಾಂತರ ಜನ ಸ್ವಂತ ಮನೆಯವರಾದರು. ಆದರೆ ಬಂದ ಹಣದಲ್ಲಿ ಹೊಸ ಮನೆ ಕಟ್ಟೋಕೆ ಪುರಸಭೆಗಳ ಕೈ ಕಟ್ಟಿದರು. ಆಮೇಲೆ ಬಂದ ಬಡವರಿಗೆ ಬಾಡಿಗೆಗೂ ಮನೆ ಸಿಗದ ಹಾಗಾಯ್ತು. ಮೊದಲ ಪಂಕ್ತಿಗೆ ಹೋಳಿಗೆ, ಎರಡನೇ ಪಂಕ್ತಿಗೆ ಖಾಲಿ ಎಲೆ.

ಮಾರೋ ಸುದ್ದಿ ಜನಕ್ಕೆ ಮುಟ್ಟೋ ಬಗೆಯೂ ಮುಖ್ಯ. ಈಗ ಎಲ್ಲಾ ಕಂಪ್ಯೂಟರಿನಲ್ಲಿ. ಸಿಂಡಿಕೇಟು ಮುರಿಯೋಕೆ ಇ-ಹರಾಜು ಒಳ್ಳೇದು ಅಂತಾರೆ, ಇರಬಹುದು, ಕೂಗೋನ ಮುಖ ಪಕ್ಕದವನಿಗೆ ಕಾಣೋದಿಲ್ಲ. ಆದರೆ ಆ ಜಾಗದಲ್ಲಿ ಕೂತು ಸೊಪ್ಪು ಮಾರೋಳಿಗೆ ವೆಬ್‌ಸೈಟು ಟಾಂಟಾಂ ಹೊಡೆಯೋದಿಲ್ಲ. ನೋಟೀಸು ಆ ಜಾಗದಲ್ಲೇ ಅಂಟಿಸಬೇಕು, ಗಡಿಭಾಗದಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಇರಬೇಕು, ಓದೋಕೆ ಬಾರದವರಿಗೆ ತಮಟೆ ಬಡಿದು ಹೇಳಬೇಕು. ಎಷ್ಟು ದಿನ? ಚಿಕ್ಕದಕ್ಕೆ ಮೂರು ತಿಂಗಳಾದರೂ ಬೇಕು ಅಂತ ನನ್ನ ಅಭಿಪ್ರಾಯ. ಶಿಕಾಗೊದವರಿಗೆ ಆ ಮೂರು ತಿಂಗಳು ಸಿಕ್ಕಿದ್ದರೆ ಯಾರಾದರೂ ಒಬ್ಬ ಲೆಕ್ಕ ಬಲ್ಲವನು ಎದ್ದು ನಿಲ್ತಿದ್ದ.

ನಮ್ಮೂರುಗಳಿಗೆ ಕಾರ್ಪೊರೇಷನ್ನು ಇಲ್ಲ, ಪಂಚಾಯ್ತಿ ಇದೆ. ಆದರೆ ಬೆಂಗಳೂರು ಹೆದ್ದಾರಿ ಹಿಡಿದು ನಮ್ಮ ಕಡೆಗೇ ಬರ್ತಾ ಇದೆ, ನೆಲದ ಬೆಲೆ ನಮ್ಮಪ್ಪ ಕೇಳಿದ್ದರೆ ಹೆದರ್ತಿದ್ದ, ಹಾಗಿದೆ. ಇವತ್ತಲ್ಲ ನಾಳೆ ನಮ್ಮ ಚಾವಡಿಗೂ ಹೆಚ್ಚುವರಿ ಅನ್ನೋ ಪಟ್ಟಿ ಬರುತ್ತೆ. ಆಗ ಇದು ನಮಗೆ ಬೇಕು ಅಂತ ಬಾಯಲ್ಲಿ ಹೇಳಿದರೆ ಯಾರೂ ಕೇಳೋದಿಲ್ಲ. ಅದಕ್ಕೆ ಮೇಷ್ಟ್ರುಗಳನ್ನ ಒಂದು ಕೆಲಸ ಬೇಡಿಕೊಳ್ತೀನಿ. ವಾಚನಾಲಯದಲ್ಲಿ ಒಂದು ದಪ್ಪ ಲೆಕ್ಕದ ಪುಸ್ತಕ ಇಡೋಣ. ಊರಿನ ಬಾವಿ, ಕುಂಟೆ, ತೋಪು, ಚಾವಡಿ, ಕಲ್ಲುಮಂಟಪ, ಬಂಡಿದಾರಿ, ಹುಣಸೆ ಮರಗಳು, ಒಂದೊಂದಕ್ಕೆ ಒಂದೊಂದು ಪುಟ. ಸರ್ವೆ ನಂಬರು ಗೊತ್ತಿದ್ದರೆ ಬರೆಯೋದು, ಇಲ್ಲದಿದ್ದರೆ ಗುರುತು. ಅದರ ಕೆಳಗೆ, ಅದನ್ನ ಯಾರ್ಯಾರು ಯಾವ್ಯಾವ ತಿಂಗಳಲ್ಲಿ ಯಾವುದಕ್ಕೆ ಬಳಸ್ತಾರೆ ಅಂತ. ಮಕ್ಕಳನ್ನ ಕಳಿಸಿ ಮುದುಕರನ್ನ ಕೇಳಿಸಿದರೆ ಬಹಳ ಸಿಗುತ್ತೆ, ಅದರಲ್ಲೂ ಮುದುಕೀರನ್ನ. ಮುಂಗಾರು ಬಿತ್ತನೆ ಶುರುವಾದರೆ ಯಾರೂ ಮನೆಯಲ್ಲಿ ಸಿಗೋದಿಲ್ಲ, ಬೇಸಿಗೆ ರಜೆಯಲ್ಲೇ ಆಗಬೇಕು. ತೋಪಿನ ಪುಟಕ್ಕೆ ಬೇಕಾದ್ದನ್ನ ನಾನು ಹೇಳ್ತೀನಿ, ಒಬ್ಬರು ಕೂತು ಬರೆದುಕೊಂಡರೆ ಸಾಕು.